ಥೀಹಾನ ಹತ್ತು ನಿಮಿಷ

ಹೇಳಬೇಕಾಗಿದ್ದದ್ದು ಒಂದೇ ಮಾತು. ಅದನ್ನು ಹೇಗೆ ಹೇಳುವುದು ಎಂದು ಚಂದ್ರಮೋಹನ ಬೆಳಿಗ್ಗೆ ಹಲ್ಲುಜ್ಜುವಾಗ ಯೋಚಿಸಿದ್ದ, ಜುಬ್ಬಾಗೆ ಇಸ್ತ್ರಿ ಹಾಕುವಾಗ ಯೋಚಿಸಿದ್ದ. ಈಗ ರೈಲಿನ ಹಿಡಿಕೆಗೆ ಜೋತುಬಿದ್ದು, ಎದುರಿನ ಸೀಟಿನಲ್ಲಿ ಮಂಡಿ ಜೋಡಿಸಿಕೊಂಡು ಕೂತಿದ್ದ ಥೀಹಾನ ನೆತ್ತಿಯ ಸುಳಿಯನ್ನೇ ನೋಡುತ್ತ ಯೋಚಿಸುತ್ತಿದ್ದ. ಥೀಹಾ-ಸಾನ್, ಇವತ್ತು ನೀವು ಪ್ರಜಾಪ್ರಭುತ್ವದ ಬಗ್ಗೆ ಮಾತಾಡುವುದು ಬೇಡ. ಇಷ್ಟೇ. ಆದರೆ ಈ ಮಾತು ಗಂಟಲಿನವರೆಗೆ ಬಂದು, ಹೊರಗೆ ಹೋಗುವ ಮೊದಲು ಮರ್ಯಾದೆಯ ಬಟ್ಟೆ ಹಾಕಿಕೊಳ್ಳಲು ನಿಲ್ಲುತ್ತಿತ್ತು. ಒಂದರ ಮೇಲೊಂದು ಹಾಕಿಕೊಂಡು ಕೊನೆಗೆ ಬಾಗಿಲಲ್ಲಿ ಹಿಡಿಸದಷ್ಟು ದಪ್ಪವಾಗಿ ಒಳಗೇ ವಾಪಸು ಹೋಗುತ್ತಿತ್ತು. ಜಪಾನಿನ ಒಸಾಕಾದಲ್ಲಿ ಇಷ್ಟು ವರ್ಷ ಕೆಲಸ ಮಾಡಿ ಅವನು ಕಲಿತದ್ದು ಸಾಫ್ಟ್‌ವೇರ್ ಅಲ್ಲ, ಹೆಸರಿಗೆ ಗೌರವದ ‘ಸಾನ್’ ಹಚ್ಚಿ ಕ್ಷಮೆ ಕೇಳುವುದು. ಫೋನಿನಲ್ಲಿ ಮಾತಾಡುವಾಗಲೂ ಸೊಂಟ ಬಗ್ಗುತ್ತಿತ್ತು. ಒಮ್ಮೆ ಮೈಸೂರಿನಿಂದ ಬಂದ ಕರೆಗೂ ಹೀಗೆ ಬಗ್ಗಿ ಮೇಜಿಗೆ ಹಣೆ ಬಡಿಸಿಕೊಂಡಿದ್ದ.

ಪಕ್ಕದಲ್ಲಿ ಮಗಳು ಸಾಹಿತ್ಯ ವೆಂಡಿಂಗ್ ಮಷೀನ್ ಆಗಿ ನಿಂತಿದ್ದಳು. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಮಕ್ಕಳ ಛದ್ಮವೇಷ ಸ್ಪರ್ಧೆ. ರಾಣಿಯೋ ದಾಸರೋ ಆಗು ಎಂದು ಅವಳ ತಾಯಿ ಜ್ಯೋತ್ಸ್ನಾ ವಾರವೆಲ್ಲ ಗೋಗರೆದರೂ ಕೇಳದೆ, ಕುರ್ಚಿ ಬಂದಿದ್ದ ರಟ್ಟಿನ ಪೆಟ್ಟಿಗೆಗೆ ಕೆಂಪು ಬಳಿದು, ಎದೆಯ ಮೇಲೆ ಟೀ ಬಾಟಲಿಗಳ ಚಿತ್ರ ಅಂಟಿಸಿ, ಹೊಟ್ಟೆಯ ಹತ್ತಿರ ನಾಣ್ಯ ಹಾಕುವ ಸೀಳು ಕೊರೆದು, ಅದರೊಳಗೆ ಹೊಕ್ಕುಬಿಟ್ಟಿದ್ದಳು. "ಯಾದಾ! ಐ ಆಮ್ ನಾಟ್ ಅ ಕ್ವೀನ್" ಎಂದು ಜಪಾನಿ, ಇಂಗ್ಲಿಷು ಎರಡರಲ್ಲೂ ಒಲ್ಲೆನೆಂದು ಬೆಳಿಗ್ಗೆ ಮತ್ತೊಮ್ಮೆ ಖಚಿತಪಡಿಸಿದ್ದಳು. ರೈಲಿನಲ್ಲಿದ್ದವರು ತುಂಬ ಸಂಸ್ಕಾರವಂತರು. ವೆಂಡಿಂಗ್ ಮಷೀನೊಂದು ಕಂಬ ಹಿಡಿದು ನಿಂತು ಆಕಳಿಸುವುದು ದಿನನಿತ್ಯದ ಸಂಗತಿ ಎಂಬಂತೆ ತಮ್ಮ ತಮ್ಮ ಫೋನು ನೋಡುತ್ತಿದ್ದರು.

ಥೀಹಾನನ್ನು ಚಂದ್ರಮೋಹನ ಮೊದಲು ಕಂಡದ್ದು ತಮ್ಮ ಅಪಾರ್ಟ್‌ಮೆಂಟಿನ ಕಸದ ಕಟ್ಟೆಯ ಹತ್ತಿರ. ಕಸದ ಲಾರಿಯವರು ಒಂದು ಚೀಲವನ್ನು ತೆಗೆದುಕೊಳ್ಳದೆ, ಅದರ ಮೇಲೆ ‘ತಪ್ಪು’ ಎಂಬ ಚೀಟಿ ಅಂಟಿಸಿ ಹೋಗಿದ್ದರು. ಅದರ ಮುಂದೆ ಒಬ್ಬ ತೆಳ್ಳನೆಯ ಹುಡುಗ, ಇಪ್ಪತ್ತೈದರ ಆಸುಪಾಸಿನವನು, ಕೈಕಟ್ಟಿ ನಿಂತು ಬಿದ್ದೂ ಬಿದ್ದೂ ನಗುತ್ತಿದ್ದ. "ನೋಡಿ ಸರ್, ನನ್ನ ಕಸಕ್ಕೂ ವೀಸಾ ಸಿಗಲಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದ. ಆಮೇಲೆ ಅವನು ಮ್ಯಾನ್ಮಾರ್‌ನವನು, ಯಾಂಗೂನಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ ವಿದ್ಯಾರ್ಥಿ ಸಂಘದ ಮುಂದಾಳು, ಸೈನ್ಯದ ಆಡಳಿತದ ವಿರುದ್ಧ ಮೆರವಣಿಗೆ ಮಾಡಿ ಜೈಲಿಗೆ ಹೋದವನು, ಹಬ್ಬದ ಕ್ಷಮಾದಾನದಲ್ಲಿ ಹೊರಬಂದು, ಮತ್ತೆ ಹಿಡಿಯುತ್ತಾರೆಂದು ತಿಳಿದಾಗ ನದಿ ದಾಟಿ ಥಾಯ್ಲೆಂಡಿಗೆ ಹೋಗಿ, ಅಲ್ಲಿಂದ ಹೇಗೋ ಇಲ್ಲಿಯ ವಿಶ್ವವಿದ್ಯಾಲಯಕ್ಕೆ ಬಂದು ಸೇರಿದವನು ಎಂಬುದೆಲ್ಲ ಗೊತ್ತಾದಾಗ ಚಂದ್ರಮೋಹನನ ಬೆನ್ನು ತಾನಾಗಿ ನೆಟ್ಟಗಾಯಿತು. ಮುಖ ಗಂಭೀರವಾಯಿತು. ಇತಿಹಾಸದ ಎದುರು ನಿಂತಿದ್ದೇನೆ, ತಕ್ಕದ್ದೊಂದು ಮಾತಾಡಬೇಕು ಅನ್ನಿಸಿತು. ಬಾಯಿ ತೆರೆದರೆ ಬಂದದ್ದು: "ಜೈಲು... ಹೇಗಿತ್ತು?" ಊಟಿಯಿಂದ ಬಂದವರನ್ನು ಕೇಳಿದ ಹಾಗೆ. ಥೀಹಾ ಸ್ವಲ್ಪ ಯೋಚಿಸಿ, "ಊಟ ಸುಮಾರು. ಜನ ಒಳ್ಳೆಯವರು" ಅಂದ. ಆ ಪ್ರಶ್ನೆ ನೆನಪಾದಾಗಲೆಲ್ಲ ಚಂದ್ರಮೋಹನನಿಗೆ ಕಿವಿ ಬಿಸಿಯಾಗುತ್ತದೆ. ಆಫೀಸಿನ ಮೀಟಿಂಗಿನ ಮಧ್ಯೆ, ಸ್ನಾನದ ಮಧ್ಯೆ, ಅವನು ಸುಮ್ಮಸುಮ್ಮನೆ "ಛೆ" ಅನ್ನುತ್ತಾನೆ, ಜ್ಯೋತ್ಸ್ನಾ "ಏನ್ರೀ?" ಅಂದರೆ ಏನಿಲ್ಲ ಅನ್ನುತ್ತಾನೆ.

ಆ ಸಂಕಟ ತೀರಿಸಿಕೊಳ್ಳಲೆಂದೇ ಇರಬೇಕು, ಸಂಘದ ಸಾಂಸ್ಕೃತಿಕ ಕಾರ್ಯದರ್ಶಿಯಾದ ಅವನು ರಾಜ್ಯೋತ್ಸವದಲ್ಲಿ ಥೀಹಾನಿಗೆ ಹತ್ತು ನಿಮಿಷ ಕೊಟ್ಟಿದ್ದ. ವಿಷಯ, ಪ್ರಜಾಪ್ರಭುತ್ವ. ನಿನ್ನೆ ಸಂಜೆ ಅಧ್ಯಕ್ಷರಾದ ಶಿವಾನಂದ ಅವರು ಫೋನು ಮಾಡಿದರು. "ಚಂದ್ರು, ಆ ಹುಡ್ಗನ್ ಭಾಷಣ ಬೇಡಪ್ಪ. ದೊಡ್ಡೋರೆಲ್ಲ ಬರ್ತಾರೆ, ಯಾರೋ ವಿಡಿಯೋ ಮಾಡಿ ಎಲ್ಲೋ ಹಾಕ್ತಾರೆ. ನಮಗ್ಯಾಕೆ ಪಾಲಿಟಿಕ್ಸು? ನಮ್ದು ಬಿಸಿಬೇಳೆಬಾತ್ ಸಂಘ ಕಣಯ್ಯ. ನೀನೇ ಕರ್ದಿದ್ದು, ನೀನೇ ಹೇಳ್ಬಿಡು." "ಹೇಳ್ತೀನಿ ಸರ್" ಅಂದಿದ್ದ ಚಂದ್ರಮೋಹನ, ಗೋಡೆಗೆ ಬಗ್ಗುತ್ತ. ಯಾರಿಗೂ ಇಲ್ಲ ಅನ್ನಲು ಬಾರದವನು ಅವನು. ಮೈಸೂರಿನಲ್ಲಿ ಏಳನೇ ಕ್ಲಾಸಿನ ಮಾನಿಟರ್ ಚುನಾವಣೆಗೆ ನಿಂತು, ತನಗೆ ತಾನೇ ಓಟು ಹಾಕಿಕೊಳ್ಳುವುದು ಅಹಂಕಾರವೆಂದು ಎದುರಾಳಿಗೆ ಹಾಕಿ, ಸೊನ್ನೆ ಓಟು ಪಡೆದವನು. ಮೇಷ್ಟ್ರು ಬೋರ್ಡಿನ ಮೇಲೆ ಆ ಸೊನ್ನೆಯನ್ನು ಬಹಳ ದುಂಡಗೆ ಬರೆದಿದ್ದರು.

"ಥೀಹಾ-ಸಾನ್" ಎಂದು ಕೊನೆಗೂ ಶುರುಮಾಡಿದ. "ನಿಮ್ಮ ಹತ್ತು ನಿಮಿಷ..."

"ಐದು ಸಾಕು ಚಂದ್ರ-ಸಾನ್. ನಮ್ಮ ಮೆರವಣಿಗೆಗಳೆಲ್ಲ ಐದು ನಿಮಿಷದವೇ. ಆರನೇ ನಿಮಿಷಕ್ಕೆ ಸೈನ್ಯದ ಲಾರಿ ಬಂದುಬಿಡ್ತಿತ್ತು."

"ಅಲ್ಲ, ಪ್ರಜಾಪ್ರಭುತ್ವ ಅನ್ನೋದು, ಈ ಕಾರ್ಯಕ್ರಮಕ್ಕೆ..." ಇಲ್ಲಿ ಚಂದ್ರಮೋಹನನಿಗೆ ಜಪಾನೀಯರ ಉಪಾಯ ಹೊಳೆಯಿತು. ಅವರು ಯಾವುದನ್ನೂ ಬೇಡ ಅನ್ನುವುದಿಲ್ಲ. ತಲೆ ಓರೆ ಮಾಡಿ, ಹಲ್ಲಿನ ಸಂದಿಯಿಂದ ಗಾಳಿ ಎಳೆದು, "ಚೊತ್ತೋ..." ಅನ್ನುತ್ತಾರೆ. ಸ್ವಲ್ಪ, ಎಂದರ್ಥ. ಅಷ್ಟಕ್ಕೆ ಎದುರಿನವನು ಎದ್ದು ಮನೆಗೆ ಹೋಗಬೇಕು. ಚಂದ್ರಮೋಹನ ತಲೆ ಓರೆ ಮಾಡಿ, ಗಾಳಿ ಎಳೆದು, "ಪ್ರಜಾಪ್ರಭುತ್ವ... ಚೊತ್ತೋ..." ಅಂದ.

ಥೀಹಾನ ಜಪಾನಿ ಭಾಷೆ ಇನ್ನೂ ಪುಸ್ತಕದ ಮೊದಲ ಪಾಠಗಳಲ್ಲಿತ್ತು. ಅವನ ಮುಖ ಅರಳಿತು. "ಸ್ವಲ್ಪ! ಹೌದು, ಹೌದು. ಸ್ವಲ್ಪ ಪ್ರಜಾಪ್ರಭುತ್ವ ಸಾಕು. ಜಾಸ್ತಿ ಕೊಟ್ಟರೆ ಅಜೀರ್ಣ. ನಾನು ಜೋಕ್ ಹಾಕಿ ಹೇಳ್ತೀನಿ." ಆಮೇಲೆ ತಾನು ಹೇಗೆ ಸಿಕ್ಕಿಬಿದ್ದೆ ಎಂದು ಸಾಹಿತ್ಯಳಿಗೆ ಹೇಳತೊಡಗಿದ. ಅವನು ಅಡಗಿದ್ದ ಬೀದಿಯಲ್ಲಿ ಒಂದು ನಾಯಿ ಇತ್ತಂತೆ. ಒಂದೇ ಒಂದು ಸಲ ಅದಕ್ಕೆ ಬಿಸ್ಕತ್ತು ಹಾಕಿದ್ದನಂತೆ. ಅವನು ಯಾವ ಮನೆಗೆ ಜಾಗ ಬದಲಾಯಿಸಿದರೂ ಆ ನಾಯಿ ಬಂದು ಅದೇ ಬಾಗಿಲ ಮುಂದೆ ಕೂತು ಬಾಲ ಆಡಿಸುತ್ತಿತ್ತಂತೆ. ಸೈನಿಕರಿಗೆ ಆಮೇಲೆ ಗೂಢಚಾರರೇ ಬೇಕಾಗಲಿಲ್ಲ. ವೆಂಡಿಂಗ್ ಮಷೀನು ಅಲುಗಾಡಿ ಅಲುಗಾಡಿ ನಕ್ಕಿತು. "ವಾಸ್ ದ ಡಾಗ್ ಅರೆಸ್ಟೆಡ್ ಟೂ?" ಎಂದು ಕೇಳಿತು. "ಇಲ್ಲ. ಅದಕ್ಕೆ ಇನ್ನೊಂದು ಬಿಸ್ಕತ್ತು ಸಿಕ್ಕಿತು" ಅಂದ ಥೀಹಾ. ಚಂದ್ರಮೋಹನನಿಗೆ ನಗು ಬಂತು, ನಗಬಾರದು ಅನ್ನಿಸಿತು, ನಗು ಮತ್ತು ಗಾಂಭೀರ್ಯ ಎರಡೂ ಮುಖದಲ್ಲಿ ಒಟ್ಟಿಗೆ ಸೇರಿ, ಎದುರಿನ ಕಿಟಕಿಯ ಗಾಜಿನಲ್ಲಿ ಸೀನು ಬಾರದೆ ಒದ್ದಾಡುವವನಂತೆ ಕಂಡ.

ವಾರ್ಡಿನ ಸಭಾಭವನದಲ್ಲಿ ಬಾಗಿಲಲ್ಲೇ ಶೂ ಬಿಚ್ಚಿ ಭವನದವರ ಸ್ಲಿಪ್ಪರ್ ಹಾಕಿಕೊಳ್ಳಬೇಕು. ಮೇಲ್ವಿಚಾರಕ ಒಕುದಾ-ಸಾನ್ ಎಂಬ ವೃದ್ಧರು ಪ್ರತಿಯೊಬ್ಬರಿಗೂ ಬಗ್ಗಿ, ಮಧ್ಯಾಹ್ನದೊಳಗೆ ಭವನ ಖಾಲಿ ಮಾಡಬೇಕೆಂದು ಬಹಳ ನಯವಾಗಿ ನೆನಪಿಸುತ್ತಿದ್ದರು. ಒಳಗೆ ಸಾರಿನ ಪುಡಿಯ ಘಮ, ಹಳದಿ ಕೆಂಪು ಬಾವುಟ, ಕರ್ ಎನ್ನುವ ಮೈಕು. ಜ್ಯೋತ್ಸ್ನಾ ಮುಂಚೆಯೇ ಬಂದು ಪಾತ್ರೆಗಳ ಮಧ್ಯೆ ಸೌಟು ಹಿಡಿದು ನಿಂತಿದ್ದಳು. "ಹೇಳಿದ್ರಾ?" ಎಂದು ಕಣ್ಣಲ್ಲೇ ಕೇಳಿದಳು. ಚಂದ್ರಮೋಹನ ಅತ್ತಿತ್ತ ನೋಡಿದ. "ಗೊತ್ತಿತ್ತು" ಎಂದು ಅವಳು ಹಪ್ಪಳದ ಡಬ್ಬಿ ಮುಚ್ಚಿದಳು.

ಶಿವಾನಂದ ಅವರು ರೇಷ್ಮೆ ಶಲ್ಯ ಸರಿಮಾಡಿಕೊಳ್ಳುತ್ತ ಬಂದರು. ಕೆಟ್ಟವರಲ್ಲ. ಹತ್ತು ಜನರೂ ಸೇರದಿದ್ದ ಕಾಲದಲ್ಲಿ ತಮ್ಮ ಮನೆಯ ಹಾಲಿನಲ್ಲೇ ಸಂಘ ಕಟ್ಟಿದವರು. ಊರಿಂದ ಹೊಸದಾಗಿ ಬಂದ ಹುಡುಗರಿಗೆಲ್ಲ ಹುಳಿಪುಡಿ ಹಂಚಿದವರು. "ಹೇಳ್ದ್ಯೇನೋ?" ಅಂದರು.

"ಹೇಳ್ದೆ ಸರ್. ಚೊತ್ತೋ ಹೇಳ್ದೆ."

"ಅಂದ್ರೆ ಹೇಳಿಲ್ಲ." ಅವರು ಹಣೆ ಒತ್ತಿಕೊಂಡರು. ಆಮೇಲೆ ಸಂಘಟಕರ ಬುದ್ಧಿ ಕೆಲಸ ಮಾಡಿತು. "ಒಂದ್ ಕೆಲ್ಸ ಮಾಡು. ಅವನನ್ನ ಛದ್ಮವೇಷಕ್ಕೆ ಜಡ್ಜ್ ಮಾಡ್ಬಿಡು. ಶಾಲು ಹೊದಿಸು, ಹಾರ ಹಾಕು, ಫೋಟೋ ತೆಗಿ. ಮೈಕ್ ಮಾತ್ರ ಕೊಡ್ಬೇಡ."

ಇದನ್ನು ಹೇಳುವ ರೀತಿ ಯೋಚಿಸಲು ಚಂದ್ರಮೋಹನ ಶೌಚಾಲಯಕ್ಕೆ ಹೋದ. ಕನ್ನಡಿಯ ಮುಂದೆ ನಿಂತು, "ನಿಮ್ಮಂಥವರ ತೀರ್ಪಿಗೆ ನಮ್ಮ ಮಕ್ಕಳು ಕಾಯುತ್ತಿದ್ದಾರೆ" ಎಂದು ಹಲವು ಬಗೆಯಲ್ಲಿ ಹೇಳಿನೋಡಿದ. ಎಲ್ಲ ಬಗೆಯಲ್ಲೂ ಅವನ ಮುಖ ಸುಳ್ಳು ಹೇಳುತ್ತಿತ್ತು. ಹೊರಗೆ ಅವನ ಹೆಸರು ಕೂಗಿದರು. ಗಾಬರಿಯಲ್ಲಿ ಓಡಿಬಂದು ವೇದಿಕೆ ಹತ್ತಿದವನು, ಶೌಚಾಲಯದ ಒಳಗಷ್ಟೇ ಹಾಕಿಕೊಳ್ಳಬೇಕಾದ ಹಸಿರು ರಬ್ಬರಿನ ಸ್ಲಿಪ್ಪರನ್ನು ಅಲ್ಲೇ ಬಿಟ್ಟು ಬರುವುದನ್ನು ಮರೆತಿದ್ದ. ಎರಡೂ ಸ್ಲಿಪ್ಪರಿನ ಮೂತಿಯ ಮೇಲೆ ಬಿಳಿ ಅಕ್ಷರದಲ್ಲಿ ‘ಶೌಚ’ ಎಂದು ಬರೆದಿತ್ತು. ಮುಂದಿನ ಸಾಲಿನಲ್ಲಿ ಪಿಸುಪಿಸು ಎದ್ದಿತು. ಅದು ತನ್ನ ಜುಬ್ಬಾದ ಕಸೂತಿಯ ಬಗ್ಗೆ ಎಂದುಕೊಂಡು ಅವನು ಎದೆ ಸ್ವಲ್ಪ ಮುಂದೆ ಮಾಡಿದ.

"ನಮ್ಮ ಇವತ್ತಿನ ಜಡ್ಜ್, ಥೀಹಾ-ಸಾನ್" ಎಂದು ಘೋಷಿಸಿದ.

ಶಾಲು ಹೊದ್ದು ಹಾರ ಹಾಕಿಸಿಕೊಂಡ ಥೀಹಾ ಜಡ್ಜ್ ಎಂಬ ಮಾತು ಕೇಳಿ ಹಾರ ತೆಗೆದ. ಸೀದಾ ಬಂದು ಚಂದ್ರಮೋಹನನ ಕೈಯಿಂದ ಮೈಕು ತೆಗೆದುಕೊಂಡ. ಕೊಡಬೇಡ ಅಂದಿದ್ದರು, ಕಿತ್ತುಕೊಂಡರೆ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. "ಮಕ್ಕಳೇ, ನಾನು ಜಡ್ಜ್ ಆಗುವುದಿಲ್ಲ. ನನಗೆ ಒಬ್ಬರು ಜಡ್ಜ್ ಗೊತ್ತು. ಜೈಲಿನೊಳಗೇ ಒಂದು ಕೋಣೆಯಲ್ಲಿ ನನ್ನ ವಿಚಾರಣೆ ಮಾಡಿದರು. ಕಪ್ ನೂಡಲ್ಸ್‌ಗೆ ಬಿಸಿನೀರು ಹಾಕಿ ಮುಚ್ಚಳ ಮುಚ್ಚಿದರು, ತೀರ್ಪು ಓದಿದರು, ಮುಚ್ಚಳ ತೆಗೆದರು. ನೂಡಲ್ಸ್ ಇನ್ನೂ ಬೆಂದಿರಲಿಲ್ಲ. ಪಾಪ, ನನ್ನ ಮೇಲೆ ಅವರಿಗೆ ಸಿಟ್ಟು ಬಂತು." ಅರ್ಧ ಇಂಗ್ಲಿಷು, ಅರ್ಧ ಮುರುಕು ಜಪಾನಿ, ಅಪ್ಪ ಅಮ್ಮಂದಿರಿಗಿಂತ ಮಕ್ಕಳಿಗೇ ಚೆನ್ನಾಗಿ ತಿಳಿಯಿತು. ಅವು ಹೋ ಎಂದವು. "ಆದ್ದರಿಂದ ಓಟು ಹಾಕೋಣ. ನೀವೇ ಹಾಕಿ, ನೀವೇ ಎಣಿಸಿ." ಅವನು ಸುತ್ತ ನೋಡಿದ. ಪೆಟ್ಟಿಗೆ ಬೇಕಿತ್ತು. ಸಾಹಿತ್ಯ ಹೊಟ್ಟೆಯ ಸೀಳು ತೋರಿಸಿ ಕೈ ಎತ್ತಿದಳು.

ಹಾಗೆ ಸಂಘದ ಇತಿಹಾಸದಲ್ಲೇ ಮೊದಲ ಚುನಾವಣೆ ನಡೆಯಿತು. ಪೇಪರ್ ನ್ಯಾಪ್‌ಕಿನ್ ಹರಿದು ಚೀಟಿ ಮಾಡಿದರು. ಕಣದಲ್ಲಿ ಮುಖ್ಯವಾಗಿ ಇಬ್ಬರು. ಶಿವಾನಂದ ಅವರ ಎಂಟು ವರ್ಷದ ಮಗಳು ವರ್ಷಿಣಿ, ಬೆಂಗಳೂರಿನಿಂದ ತರಿಸಿದ ಕವಚ, ಕಿರೀಟ, ಮಿಂಚುವ ಕತ್ತಿಯಲ್ಲಿ ವೀರರಾಣಿಯಾಗಿದ್ದಳು. ಉದ್ದ ಸಂಭಾಷಣೆಯನ್ನು ಒಂದೂ ತಪ್ಪದೆ ಹೇಳಿದ್ದಳು. ಇನ್ನೊಬ್ಬಳು ಆರು ವರ್ಷದ ನಮ್ರತಾ. ಅವಳು ಮಸಾಲೆ ದೋಸೆ. ಕಂದು ಬಣ್ಣದ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು, ಪಲ್ಯಕ್ಕೆಂದು ಹಳದಿ ದಿಂಬು ತುರುಕಿಕೊಂಡಿದ್ದಳು. ಒಂದೂ ಮಾತಾಡಲಿಲ್ಲ. ವೇದಿಕೆಯ ಮಧ್ಯೆ ಕಾಲು ತೊಡರಿ ಬಿದ್ದು, ಉರುಳಿ ಉರುಳಿ ಆ ತುದಿಗೆ ಹೋಗಿ, ಪಲ್ಯ ಹೊರಗೆ ಬಿದ್ದಾಗ ಅದನ್ನು ನೋಡಿ ತಾನೇ ನಕ್ಕಿದ್ದಳು. ಮಕ್ಕಳು ಸಾಲಾಗಿ ಬಂದು, ಪಕ್ಕದವರಿಗೆ ಕಾಣದಂತೆ ಕೈ ಮರೆಮಾಡಿ ಬರೆದು, ಸಾಹಿತ್ಯಳ ಹೊಟ್ಟೆಯೊಳಗೆ ಚೀಟಿ ಹಾಕಿದರು. ಪ್ರತಿ ಚೀಟಿಗೂ ಅವಳು "ಅರಿಗಾತೋ ಗೊಝಾಯಿಮಾಸು" ಎಂದು ಮಷೀನಿನ ದನಿಯಲ್ಲಿ ಧನ್ಯವಾದ ಹೇಳಿದಳು. ಥೀಹಾ ಒಂದು ಬದಿಗೆ ನಿಂತಿದ್ದ. ಅವನ ಮುಖದಲ್ಲಿ ಈಗ ನಗು ಇರಲಿಲ್ಲ. ಏನೋ ಹಳೆಯದು ಬೇಯುವ ವಾಸನೆಗೆ ಮೂಗು ಚಾಚಿದವನ ಹಾಗೆ ಇತ್ತು. ಚಂದ್ರಮೋಹನ ಅದನ್ನು ನೋಡಿದ. ನೋಡಬಾರದಿತ್ತು ಅನ್ನಿಸಿ ಸೀಲಿಂಗ್ ನೋಡಿದ.

ಶಿವಾನಂದ ಅವರು ಅವನ ತೋಳು ಹಿಡಿದು ಪರದೆಯ ಪಕ್ಕಕ್ಕೆ ಎಳೆದರು. ಬೆವರಿದ್ದರು. "ಏನೋ ಇದು? ದೋಸೆ ಗೆಲ್ಲುತ್ತೆ ಕಣೋ!"

"ಗೆಲ್ಲಲಿ ಬಿಡಿ ಸರ್. ಮಕ್ಕಳು."

"ಕಪ್ ಮೇಲೆ ವರ್ಷಿಣಿ ಹೆಸರು ಕೆತ್ತಿಸ್ಬಿಟ್ಟಿದೀನಲ್ಲೋ. ಹೋದ ವಾರಾನೇ. ಇಲ್ಲಿ ಕೆತ್ತೋರು ಅರ್ಜೆಂಟಾಗಿ ಮಾಡ್ಕೊಡಲ್ಲ, ಅದಕ್ಕೇ." ಅವರ ದನಿಯಲ್ಲಿ ನಿಜವಾದ ದುಃಖವಿತ್ತು. "ಅಲ್ಲದೆ ರಾಜ್ಯೋತ್ಸವದಲ್ಲಿ ರಾಣಿ ಸೋತು ದೋಸೆ ಗೆದ್ರೆ ನಾಳೆ ಜನ ಏನಂತಾರೆ? ಚೀಟಿ ಎಣಿಸೋದು ಬೇಡ. ಟೈಮ್ ಆಯ್ತು ಅಂತ ಹೇಳಿ ವರ್ಷಿಣಿ ಹೆಸರು ಅನೌನ್ಸ್ ಮಾಡು."

ಪರದೆಯ ಆಚೆ ವೆಂಡಿಂಗ್ ಮಷೀನಿನ ಕಿವಿ ಚುರುಕಾಗಿತ್ತು. "ದಮೆ!" ಕೂಡದು, ಎಂದು ಜಪಾನಿಯಲ್ಲಿ ಕಿರುಚಿ ಅದು ಓಡಿತು. ಮತಪೆಟ್ಟಿಗೆ ಓಡಿತು. ಕುರ್ಚಿಗಳ ನಡುವೆ, ಪಾಯಸದ ಪಾತ್ರೆಯ ಪಕ್ಕ, ರಟ್ಟಿನ ಮೂಲೆಗಳನ್ನು ಎಲ್ಲರಿಗೂ ತಾಕಿಸುತ್ತ ಓಡಿತು; ಹಿಂದೆ ಶಲ್ಯ ಜಾರಿಸಿಕೊಂಡು ಅಧ್ಯಕ್ಷರು, ಅವರ ಹಿಂದೆ "ಅಪ್ಪಾ, ಬೇಡ" ಎಂದು ಕತ್ತಿ ಹಿಡಿದ ರಾಣಿ, ರಾಣಿಯ ಹಿಂದೆ ಎಲ್ಲ ಮಕ್ಕಳು, ಕೊನೆಯಲ್ಲಿ ಓಡಲು ಬಾರದೆ ಹಾರುತ್ತಿದ್ದ ದೋಸೆ. ಜನ ನಗುತ್ತಿದ್ದರು, ವಿಡಿಯೋ ಮಾಡುತ್ತಿದ್ದರು. ಥೀಹಾನೂ ಕಣ್ಣೀರು ಬರುವಷ್ಟು ನಗುತ್ತಿದ್ದ. ವೇದಿಕೆಯ ಮೆಟ್ಟಿಲ ಹತ್ತಿರ ಶಿವಾನಂದ ಅವರ ಕೈಗೆ ಪೆಟ್ಟಿಗೆಯ ಅಂಚು ಸಿಕ್ಕಿತು. ಏದುಸಿರಿನಲ್ಲಿ, ಅವಮಾನದಲ್ಲಿ, ಅವರು ಜೋರಾಗಿ, ತಾವು ಬಯಸಿದ್ದಕ್ಕಿಂತ ಬಹಳ ಜೋರಾಗಿ, ಗದರಿದರು: "ಕೊಡು ಇಲ್ಲಿ!"

ಥೀಹಾ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಎರಡೂ ಕೈ ತಲೆಯ ಹಿಂದೆ ಹೆಣೆದು, ಕಣ್ಣು ನೆಲಕ್ಕೆ, ಗದ್ದ ಎದೆಗೆ. ಅವನು ಕೂತದ್ದಲ್ಲ, ಅವನ ಮೈ ಅವನನ್ನು ಕೇಳದೆ ಕೂತಿತು. ಅಷ್ಟು ಚೊಕ್ಕವಾಗಿತ್ತು ಆ ಕೂರುವಿಕೆ, ಎಷ್ಟೋ ಸಲ ತಿದ್ದಿಸಿಕೊಂಡ ಪಾಠದ ಹಾಗೆ. ಜೈಲು ಹೇಗಿತ್ತು ಎಂದು ಚಂದ್ರಮೋಹನ ಕೇಳಿದ್ದನಲ್ಲ, ಹೀಗಿತ್ತು. ಆದರೆ ಮಕ್ಕಳಿಗೆ ಅದೊಂದು ಹೊಸ ಆಟ. ಮೊದಲು ದೋಸೆ, ಆಮೇಲೆ ರಾಣಿ, ಆಮೇಲೆ ಉಳಿದವರೆಲ್ಲ, ಕಿಲಕಿಲ ನಗುತ್ತ, ತಲೆಯ ಹಿಂದೆ ಕೈ ಹೆಣೆದು ಕುಕ್ಕರಿಸಿದರು. ಪೆಟ್ಟಿಗೆಯೂ ಕೂರಲು ಹೋಗಿ, ಮಂಡಿ ಬಗ್ಗದೆ, ಪಕ್ಕಕ್ಕೆ ಮಗುಚಿಕೊಂಡಿತು. ಇಡೀ ಭವನದ ನಡುವೆ ಶಿವಾನಂದ ಒಬ್ಬರೇ ನಿಂತಿದ್ದರು. ಸುತ್ತ ತಲೆ ಬಗ್ಗಿಸಿ ಕೂತ ಮಕ್ಕಳು. ಅವರು ತಮ್ಮ ಕೈ ನೋಡಿಕೊಂಡರು, ಅದರಲ್ಲಿ ರಟ್ಟಿನ ಒಂದು ಕೆಂಪು ಚೂರು ಇತ್ತು. ಅದನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡರು. "ಚಂದ್ರು" ಎಂದರು, ಬೇಡುವ ದನಿಯಲ್ಲಿ, "ಮುಗಿಸ್ಬಿಡಪ್ಪ."

ಚಂದ್ರಮೋಹನ ಮೈಕು ಹಿಡಿದ. ವರ್ಷಿಣಿ ಎಂಬ ಹೆಸರು ನಾಲಿಗೆಯ ತುದಿಯಲ್ಲಿತ್ತು. ಒಂದು ಹೆಸರು, ಹೇಳಿದರೆ ಮುಗಿಯಿತು, ಊಟ ಬಡಿಸಬಹುದು. ಥೀಹಾ ಇನ್ನೂ ಎದ್ದಿರಲಿಲ್ಲ. ಮಕ್ಕಳ ಆಟದ ಮರೆಯಲ್ಲಿ, ತಾನೂ ಆಟವಾಡುತ್ತಿದ್ದೇನೆ ಎಂಬ ಹಾಗೆ ಮುಖದ ಮೇಲೊಂದು ನಗು ಅಂಟಿಸಿಕೊಂಡು, ತಲೆಯ ಹಿಂದೆ ಕೈ ಹೆಣೆದೇ ಕೂತಿದ್ದ. ಚಂದ್ರಮೋಹನನಿಗೆ ಕ್ರಾಂತಿಕಾರಿ ಮಾತೊಂದೂ ಹೊಳೆಯಲಿಲ್ಲ. ಇಲ್ಲ ಅನ್ನಲು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಒಂದೇ ವಿದ್ಯೆ.

"ಸುಮಿಮಾಸೆನ್" ಎಂದ. ಸೊಂಟದಿಂದ ಬಗ್ಗಿದ. "ಫಲಿತಾಂಶ ಹೇಳುವ ಮುನ್ನ, ತಡವಾದದ್ದಕ್ಕೆ ಎಲ್ಲರ ಕ್ಷಮೆ ಕೇಳಬೇಕು. ಮೈಕು ಕರ್ ಅಂದದ್ದಕ್ಕೆ ಕ್ಷಮೆ ಇರಲಿ. ಹಿಂದಿನ ಸಾಲಿನವರಿಗೆ ಕೇಳಿಸದೇ ಇದ್ದದ್ದಕ್ಕೆ ಕ್ಷಮೆ. ಕೇಳಿಸಿದ್ದವರಿಗೆ, ಕೇಳಿಸಿದ್ದಕ್ಕೂ ಕ್ಷಮೆ." ಮಗುಚಿಬಿದ್ದ ಮಗಳ ಕಡೆ ನೋಡಿದ. ಕಣ್ಣು ಹೊಡೆಯಲು ಅವನಿಗೆ ಬಾರದು. ಎರಡೂ ಕಣ್ಣು ಒಟ್ಟಿಗೆ ಮುಚ್ಚಿಹೋದವು. ಆದರೆ ಸಾಹಿತ್ಯಳಿಗೆ ಅರ್ಥವಾಯಿತು. ಮಕ್ಕಳು ಪೆಟ್ಟಿಗೆಯನ್ನು ಉರುಳಿಸಿಕೊಂಡು ಮೆಲ್ಲಗೆ ಪರದೆಯ ಹಿಂದೆ ಸರಿದರು. ಒಳಗಿಂದ ಜಪಾನಿಯಲ್ಲಿ ಎಣಿಸುವ ಪಿಸುದನಿ ಶುರುವಾಯಿತು.

ಚಂದ್ರಮೋಹನ ಅಡುಗೆಯವರ ಕ್ಷಮೆ ಕೇಳಿದ. ಉಪ್ಪು ಕಡಿಮೆಯಾಗಿದ್ದರೆ ಎಂದು ಮುಂಗಡವಾಗಿ ಕೇಳಿದ. ಕಳೆದ ವರ್ಷದ ಯುಗಾದಿಯಲ್ಲಿ ಬೇವು ಸಿಗದೆ ಕೊತ್ತಂಬರಿ ಹಾಕಿದ್ದಕ್ಕೆ ಕೇಳಿದ. ಶಿವಾನಂದ ಅವರು ಮೈಕಿನ ಕಡೆ ಕೈ ಚಾಚಿ ಬಂದಾಗ, ಸಮಯ ಮುಗಿಯಿತೆಂದು ಹೇಳಲು ಒಕುದಾ-ಸಾನ್ ಬಾಗಿಲಲ್ಲಿ ಕಾಣಿಸಿಕೊಂಡರು. ಚಂದ್ರಮೋಹನನಿಗೆ ಜೀವ ಬಂದಂತಾಯಿತು. ಅವರ ಕಡೆ ತಿರುಗಿ ಜಪಾನಿಯಲ್ಲಿ, ಭವನಕ್ಕೆ ಆದ ತೊಂದರೆಗೆ, ಸದ್ದಿಗೆ, ಒಗ್ಗರಣೆಯ ಹೊಗೆಗೆ ಕ್ಷಮೆ ಕೇಳಿ ಬಗ್ಗಿದ. ಒಕುದಾ-ಸಾನ್ ಇನ್ನೂ ಕೆಳಗೆ ಬಗ್ಗಿದರು. ಅವನು ಅದಕ್ಕಿಂತ ಕೆಳಗೆ ಬಗ್ಗಿದ. ಬಗ್ಗಿದವರ ನಡುವೆ ಕೈ ಹಾಕುವುದು ಆ ದೇಶದಲ್ಲಿ ಸಾಧ್ಯವೇ ಇಲ್ಲ. ಶಿವಾನಂದ ಅವರೂ ಬಗ್ಗಬೇಕಾಯಿತು. ಮೂವರೂ ಬಗ್ಗಿಯೇ ಇದ್ದರು. ತಲೆಕೆಳಗಾದ ಆ ಸ್ಥಿತಿಯಲ್ಲಿ ಚಂದ್ರಮೋಹನ ಮೊದಲ ಸಲ ತನ್ನ ಕಾಲು ನೋಡಿದ. ಎಡಗಾಲು ಶೌಚ. ಬಲಗಾಲು ಶೌಚ. ಇಷ್ಟು ಹೊತ್ತೂ, ಇಷ್ಟು ಜನರ ಮುಂದೆ. ಮೈಯೆಲ್ಲ ಕಾದುಹೋಯಿತು, ಆದರೆ ಈಗ ನಿಲ್ಲಿಸುವಂತಿರಲಿಲ್ಲ. "ಈ ಸ್ಲಿಪ್ಪರ್‌ಗೂ" ಎಂದ ಮೈಕಿನಲ್ಲಿ, "ಹೃತ್ಪೂರ್ವಕ ಕ್ಷಮೆ." ಭವನ ಬಿದ್ದುಬಿದ್ದು ನಕ್ಕಿತು. ಆ ನಗುವಿನಲ್ಲಿ ಥೀಹಾ ಎದ್ದು ನಿಂತದ್ದನ್ನು ಯಾರೂ ಗಮನಿಸಲಿಲ್ಲ. ಚಂದ್ರಮೋಹನ ಗಮನಿಸಿದ, ತನ್ನ ಮಂಡಿಗಳ ನಡುವಿನಿಂದ.

ಪರದೆ ಸರಿಯಿತು. ಕಿರೀಟ ಓರೆಯಾಗಿದ್ದ ವರ್ಷಿಣಿ ಮುಂದೆ ಬಂದು ಕತ್ತಿ ಮೇಲೆತ್ತಿದಳು. "ದೋಸೆ ವಿನ್ಸ್! ನಾನೂ ದೋಸೆಗೇ ಹಾಕಿದ್ದು." ಆಮೇಲೆ ಅಪ್ಪನ ಮುಖ ನೋಡಿ, ಸ್ವಲ್ಪ ಸಣ್ಣ ದನಿಯಲ್ಲಿ, "ಶೀ ರೋಲ್ಡ್, ಅಪ್ಪಾ" ಅಂದಳು. ಶಿವಾನಂದ ಅವರು ಮಗಳ ಕಿರೀಟ ನೆಟ್ಟಗೆ ಮಾಡಿದರು. ಕಪ್ಪನ್ನು ತಂದು, ಹೆಸರಿದ್ದ ಬದಿ ಜನರಿಗೆ ಕಾಣದಂತೆ ತಿರುಗಿಸಿ, ದೋಸೆಯ ಕೈಗೆ ಕೊಟ್ಟರು. ದೋಸೆ ಅದರೊಳಗೆ ಇಣುಕಿ, ಏನೂ ಇಲ್ಲದ್ದು ಕಂಡು, ಪಲ್ಯದ ದಿಂಬನ್ನು ಅದರಲ್ಲಿ ತುರುಕಲು ನೋಡಿತು. ಶಿವಾನಂದ ಅವರು ಥೀಹಾನ ಹತ್ತಿರ ಹೋದರು. ಅವನ ಹೆಗಲಿನ ಮೇಲಿಂದ ಜಾರಿದ್ದ ಶಾಲನ್ನು ಮತ್ತೆ ಸರಿಯಾಗಿ ಹೊದಿಸಿ, ಎರಡು ಸಲ ತಟ್ಟಿ, ಅತ್ತ ಹೋದರು.

ಸಮಯ ಮೀರಿತ್ತು. ಊಟವನ್ನು ಡಬ್ಬಿಗಳಿಗೆ ತುಂಬಿ ಹಂಚುವುದೆಂದಾಯಿತು. ಚಂದ್ರಮೋಹನ ಸ್ಲಿಪ್ಪರನ್ನು ಅದರ ಜಾಗಕ್ಕೆ ಮುಟ್ಟಿಸಿ ಹೊರಗೆ ಬಂದಾಗ ಥೀಹಾ ಶೂ ಗೂಡಿನ ಹತ್ತಿರ ಮೆಟ್ಟಿಲ ಮೇಲೆ ಕೂತು ಲೇಸು ಕಟ್ಟುತ್ತಿದ್ದ. ಕಟ್ಟಿ ಮುಗಿಸಲು ತುಂಬ ಹೊತ್ತು ಹಿಡಿಯುತ್ತಿತ್ತು, ಗಂಟು ಮತ್ತೆ ಮತ್ತೆ ಬಿಚ್ಚಿಹೋಗುತ್ತಿತ್ತು. ಚಂದ್ರಮೋಹನ ಪಕ್ಕದಲ್ಲಿ ಕೂತ. ಕ್ಷಮೆ ಕೇಳೋಣವೆಂದುಕೊಂಡ, ಇದ್ದದ್ದೆಲ್ಲ ಒಳಗೆ ಖರ್ಚಾಗಿಹೋಗಿತ್ತು. ಥೀಹಾನ ಫೋನು ರಿಂಗಾಯಿತು. ಅವನು ಎತ್ತಿ, ತನ್ನ ಭಾಷೆಯಲ್ಲಿ ಎರಡೇ ಮಾತಾಡಿ, ಇಟ್ಟ.

"ಯಾರು?"

"ರಾಂಗ್ ನಂಬರ್" ಅಂದ ಥೀಹಾ. ಲೇಸನ್ನೇ ನೋಡುತ್ತ, "ಅಮ್ಮ" ಅಂದ.

ಆಮೇಲೆ ಬಿಡಿಸಿ ಹೇಳಿದ: ಅಪ್ಪ ಪತ್ರಿಕೆಯಲ್ಲಿ ಹಾಕಿಸಿದ್ದಾರೆ, ಇವನು ನಮ್ಮ ಮಗನಲ್ಲ, ಸಂಬಂಧ ಕಡಿದುಕೊಂಡಿದ್ದೇವೆ ಎಂದು. ಹಾಕಿಸದಿದ್ದರೆ ಸೈನ್ಯದವರಿಂದ ಮನೆಗೆ ಬೀಗ ಬೀಳುತ್ತಿತ್ತು. ಮಾತಾಡಿದ್ದು ಗೊತ್ತಾದರೆ ಈಗಲೂ ಬೀಳುತ್ತದೆ. ಅದಕ್ಕೆ ಅಮ್ಮ ಸಂತೆಗೆ ಹೋದಾಗ ಯಾರದೋ ಫೋನು ಕೇಳಿ ಪಡೆದು ಮಾಡುತ್ತಾಳೆ. "ಇದು ಸೀಗಡಿ ಅಂಗಡಿಯಾ ಅಂತಾಳೆ. ಅಲ್ಲಮ್ಮ, ರಾಂಗ್ ನಂಬರ್ ಅಂತೀನಿ. ಅಯ್ಯೋ ತಪ್ಪಾಯ್ತು ಅಂತಾಳೆ. ಅಷ್ಟೇ."

"ಅದರಲ್ಲಿ ಏನಾದರೂ ಗುಟ್ಟಿನ ಸಂಕೇತ..."

"ಏನೂ ಇಲ್ಲ ಚಂದ್ರ-ಸಾನ್. ದನಿ ಕೇಳಿಸಿಕೊಳ್ತಾಳೆ. ಒಂದು ಸಲ ನನಗೆ ನೆಗಡಿಯಾಗಿತ್ತು. ರಾಂಗ್ ನಂಬರ್ ಅಂದೆ. ನಿಮ್ಮ ಅಂಗಡೀಲಿ ಶುಂಠಿ ಇಲ್ವಾ ಅಂತ ಬೈದು ಇಟ್ಟಳು." ಅವನು ನಕ್ಕ. ಈ ಸಲದ್ದು ಅಂಟಿಸಿಕೊಂಡ ನಗುವಲ್ಲ.

ಫೋನು ಮತ್ತೆ ರಿಂಗಾಯಿತು. ಅದೇ ನಂಬರು. ಥೀಹಾನ ಮುಖ ಬಿಳುಚಿತು. "ಎರಡು ಸಲ ಯಾವತ್ತೂ ಮಾಡಲ್ಲ" ಅಂದ. ನಡುಗುವ ತನ್ನ ದನಿಯನ್ನು ಅವಳು ಗುರುತಿಸಿಬಿಟ್ಟಿದ್ದಾಳೆ. ಈಗ ಎತ್ತಿದರೆ ಅತ್ತುಬಿಡುತ್ತೇನೆ, ಎತ್ತದಿದ್ದರೆ ಅವಳು ಅಲ್ಲಿ ಸಂತೆಯ ಮಧ್ಯೆ ಕುಸಿಯುತ್ತಾಳೆ. ಇದನ್ನೆಲ್ಲ ಅವನು ಹೇಳಲಿಲ್ಲ. ಫೋನನ್ನು ಚಂದ್ರಮೋಹನನ ಕೈಗೆ ತುರುಕಿ, ಹಣೆಯನ್ನು ಮಂಡಿಗೆ ಒತ್ತಿ ಕಿವಿ ಮುಚ್ಚಿಕೊಂಡ.

"ಸುಮಿಮಾಸೆನ್" ಎಂದ ಚಂದ್ರಮೋಹನ ಫೋನಿಗೆ. "ರಾಂಗ್ ನಂಬರ್."

ಆ ಕಡೆಯಿಂದ ಒಬ್ಬ ಹೆಂಗಸು ಮಾತಾಡತೊಡಗಿದಳು. ಹಿಂದೆ ಗಾಡಿಗಳ ಹಾರನ್ನು, ಯಾರೋ ಬೆಲೆ ಕೂಗುವುದು. ಅಪರಿಚಿತನ ಜೊತೆ ಮಾತಾಡಲು ಯಾರ ಅಡ್ಡಿಯೂ ಇಲ್ಲವಲ್ಲ, ಅವಳು ಬೈದಳೋ, ಬೇಡಿದಳೋ, ಊರಿನ ಸುದ್ದಿಯೆಲ್ಲ ಹೇಳಿದಳೋ, ಒಂದು ಅಕ್ಷರ ತಿಳಿಯದೆ ಚಂದ್ರಮೋಹನ "ಹೂಂ... ಹೂಂ" ಎನ್ನುತ್ತಲೇ ಇದ್ದ. ನಡುವೆ ಅವಳು ಒಮ್ಮೆ ನಕ್ಕಾಗ ಅವನೂ ನಕ್ಕ. ಕೊನೆಯಲ್ಲಿ ಅವಳು ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದಳು. ಅವನು ಪ್ರತಿಸಲವೂ "ಹೂಂ" ಎಂದ. ಕರೆ ಕಡಿಯಿತು.

ಥೀಹಾ ತಲೆ ಎತ್ತಿದ. "ಏನಂದಳು?"

"ಗೊತ್ತಾಗಲಿಲ್ಲ. ತುಂಬಾ ಮಾತಾಡಿದ್ರು."

"ಒಂದು ಮಾತಾದ್ರೂ? ನೆನಪು ಮಾಡ್ಕೊಳ್ಳಿ."

ಚಂದ್ರಮೋಹನ ಕಣ್ಣು ಮುಚ್ಚಿ, ಆ ಕೊನೆಯ ಮಾತಿನ ಸದ್ದನ್ನು, ಅದರ ಏರಿಳಿತದ ಸಮೇತ, ಬಾಯಿಗೆ ತಂದುಕೊಂಡ. "ತಮಿನ್... ಸಾ ಪೀಬಿ ಲಾ?"

ಥೀಹಾ ಆ ಮಾತನ್ನು ಒಮ್ಮೆ ತನ್ನಷ್ಟಕ್ಕೆ ಸರಿಯಾಗಿ ಹೇಳಿಕೊಂಡ. "ಅನ್ನ ತಿಂದ್ಯಾ, ಅಂತ" ಅಂದ.

"ನಾನು ಹೂಂ ಅಂದುಬಿಟ್ಟೆ."

"ತಿಂದಿಲ್ಲವಲ್ಲ ಚಂದ್ರ-ಸಾನ್."

"ಇಲ್ಲ."

ಒಳಗೆ ಜ್ಯೋತ್ಸ್ನಾ ಸೌಟಿನಿಂದ ಪಾತ್ರೆಯ ತಳ ಕೆರೆಯುವುದು ಕೇಳಿಸುತ್ತಿತ್ತು. ಥೀಹಾ ಅಷ್ಟು ಕಷ್ಟಪಟ್ಟು ಕಟ್ಟಿದ್ದ ಲೇಸನ್ನು ಮತ್ತೆ ಬಿಚ್ಚತೊಡಗಿದ.